ಖಾಲಿ ಬಿಂದಿಗೆಗಳು ನಡೆದ ವರ್ಷ

ಹೋದ ವಾರ ಚಪ್ಪಲಿ ತೆಗೆದುಕೊಳ್ಳಲು ಕೊಳ್ಳೇಗಾಲಕ್ಕೆ ಹೋಗಿದ್ದೆ. ಕಾಲಲ್ಲಿದ್ದ ಜೋಡಿಯ ಹಿಮ್ಮಡಿ ಪೂರಾ ಸವೆದು, ರಸ್ತೆಯ ಒಂದೊಂದು ಕಲ್ಲೂ ಅಂಗಾಲಿಗೆ ತನ್ನ ಪರಿಚಯ ಹೇಳಿಕೊಳ್ಳತೊಡಗಿತ್ತು. ಅಂಗಡಿಯವನು ಡಬ್ಬಿ ತೆರೆದು ಮೆತ್ತನೆಯ ಒಂದು ಜೋಡಿಯನ್ನು ಮುಂದಿಟ್ಟ. ಹೊಸ ರಬ್ಬರಿನ ವಾಸನೆ ಮೂಗಿಗೆ ಬಂತು. ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

"ಯಾಕೆ ಯಜಮಾನ್ರೇ, ತಲೆ ಸುತ್ತು ಬಂತಾ?" ಎಂದ ಅವನು.

"ನೀನು ರೇಟ್ ಏಳದ್ಕೂ ಮುಂಚೇನೇ ಬಂತು ನೋಡು," ಎಂದೆ.

ಅವನು ನಕ್ಕ. ಜನರನ್ನು ನಗಿಸಿ ಮಾತು ತಪ್ಪಿಸುವುದರಲ್ಲಿ ನನ್ನನ್ನು ಮೀರಿಸುವವರು ಮೂರು ತಾಲ್ಲೂಕಿನಲ್ಲಿ ಇಲ್ಲ. ಅವನಿಗೆ ಹೇಳಿ ಏನಾಗಬೇಕಿತ್ತು? ಅದೇ ವಾಸನೆಯ ಒಂದು ಹೊಸ ಜೋಡಿಯನ್ನು ಶಿವರಾತ್ರಿಯ ಬಿಸಿಲಿನಲ್ಲಿ ಕೈಚೀಲದೊಳಗೆ ಹೊತ್ತು ಅಜ್ಜೀಪುರದವರೆಗೂ ನಡೆದವನು ನಾನು. ಅದನ್ನು ಹಾಕಿಕೊಳ್ಳಬೇಕಾಗಿದ್ದ ಕಾಲು ನನ್ನ ಪಕ್ಕದಲ್ಲೇ ಬರಿದಾಗಿ ನಡೆಯುತ್ತಿತ್ತು.

ನಮ್ಮದು ಯಳಂದೂರು ತಾಲ್ಲೂಕಿನ ಮಾಂಬಳ್ಳಿ. ಅಲ್ಲಿ ನಂಜಪ್ಪನ ಮನೆ ಯಾವುದೆಂದು ಕೇಳಿ ನೋಡಿ. "ಯಾರು, ಆ ತರಲೆ ನಂಜಪ್ಪನಾ?" ಎಂದು ಕೇಳಿಕೊಂಡೇ ದಾರಿ ತೋರಿಸುತ್ತಾರೆ. ಅದು ಸುಮ್ಮನೆ ಬಂದ ಹೆಸರಲ್ಲ. ಮದುವೆಮನೆಯಲ್ಲಿ ಬೀಗರ ಬಲಗಾಲಿನ ಚಪ್ಪಲಿಗಳನ್ನೆಲ್ಲ ಮೂಟೆ ಕಟ್ಟಿ ಹನೂರಿನ ಬಸ್ಸಿನ ಮೇಲೆ ಹಾಕಿ ಕಳಿಸಿದವನು ನಾನು. ಊರಿನಲ್ಲಿ ನನ್ನ ಕೈಗೆ ಸಿಕ್ಕಿ ಪೆಚ್ಚಾಗದ ಗಂಡಸಿಲ್ಲ. ಎಲ್ಲರಿಗಿಂತ ಹೆಚ್ಚು ಸಿಕ್ಕಿಬಿದ್ದವನು ಶಿವಮಲ್ಲಪ್ಪ. ಎದುರು ಮನೆಯವನು, ನನ್ನ ವಾರಗೆಯವನು. ಅವನ ಗದ್ದೆಗೂ ನನ್ನ ಗದ್ದೆಗೂ ನಡುವೆ ಇದ್ದದ್ದು ಒಂದೇ ಬದು. ಆ ಬದುವನ್ನು ಯಾರು ಚೆನ್ನಾಗಿ ಕಡಿದು ನುಣ್ಣಗೆ ಮಾಡುತ್ತಾರೆ ಎಂಬುದೇ ನಮ್ಮಿಬ್ಬರ ಜೀವಮಾನದ ಪಂದ್ಯ. ಗೆದ್ದವನು ನಾನೇ. ಅವನು ಈಗ ಇಲ್ಲ, ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಾನು ಹೇಳುತ್ತಿರುವುದು ಕೊರೊನಾ ಕಳೆದು ಬಸ್ಸುಗಳು ಮತ್ತೆ ತುಂಬಿ ಓಡಲು ಶುರುವಾದ ಮೇಲಿನ ಒಂದು ವರ್ಷದ ಮಾತು. ಅಷ್ಟು ಹೊತ್ತಿಗೆ ಮಾಂಬಳ್ಳಿಯ ಜನ ಮೈ ಬಗ್ಗಿಸುವುದನ್ನು ಮರೆತಿದ್ದರು. ಕೊಯ್ಲಿಗೆ ಮಷೀನು, ಕಳೆಗೆ ಔಷಧಿ, ಬೀದಿ ಕೊನೆಯ ಅಂಗಡಿಗೆ ಸ್ಕೂಟರು. ಉಳಿದ ಕೆಲಸಕ್ಕೆ ಹೊರಗಿನಿಂದ ಆಟೊದಲ್ಲಿ ಕೂಲಿಯವರು ಬರುತ್ತಿದ್ದರು. ನಾವು ಜಗಲಿಯ ಮೇಲೆ ಕುಳಿತು ಫೋನು ನೋಡುತ್ತಿದ್ದೆವು. ಸೋಮವಾರ ಬೆಳಿಗ್ಗೆ ಮೊದಲನೇ ಬಸ್ಸು ಹತ್ತಿದರೆ ಒಬ್ಬೊಬ್ಬರ ಕಂಕುಳಲ್ಲೂ ಒಂದೊಂದು ಆಸ್ಪತ್ರೆ ಫೈಲು. ಒಬ್ಬನಿಗೆ ಶುಗರು, ಇನ್ನೊಬ್ಬಳಿಗೆ ಬಿಪಿ, ಮತ್ತೊಬ್ಬನಿಗೆ ಮಂಡಿ. ಕಂಡಕ್ಟರು ಕೂಡ "ಎಲ್ಲಿಗೆ" ಎಂದು ಕೇಳುತ್ತಿರಲಿಲ್ಲ, "ಯಾವ ಆಸ್ಪತ್ರೆ" ಎನ್ನುತ್ತಿದ್ದ.

ಮಲ್ಲಪ್ಪನಿಗೆ ಶುಗರು ಬಂದು ಬಹಳ ವರ್ಷವಾಗಿತ್ತು. ಊರಿಗೆ ಮೊದಲು ಟ್ರ್ಯಾಕ್ಟರ್ ತಂದ ಮನುಷ್ಯ, ಈಗ ಅದನ್ನು ಹತ್ತುವುದಕ್ಕೂ ಆಗದೆ ಬಾಡಿಗೆಗೆ ಬಿಟ್ಟಿದ್ದ. ಕೆಸರಿನಲ್ಲಿ ನಿಲ್ಲಲಾರೆ ಎಂದು ಗದ್ದೆಯನ್ನೂ ಬೆಳೆಯ ಪಾಲಿನ ಮೇಲೆ ಬೇರೆಯವರಿಗೆ ವಾರಕ್ಕೆ ಕೊಟ್ಟುಬಿಟ್ಟ. ಕೊಟ್ಟ ದಿನ ನನ್ನ ಜಗಲಿಗೆ ಬಂದು ಕುಳಿತ.

"ಸಾಯದ್ರೊಳ್ಗೆ ಇನ್ನೊಂದ್ಸಲ ಆ ಬದೂನ ನಾನೇ ಕಡೀಬೇಕು ಕಣ್ಲಾ ನಂಜ," ಎಂದ.

"ನೀನು ಕಡುದ್ರೆ ನಾನು ಮತ್ತೆ ಕಡೀಬೇಕಾಯ್ತದೆ. ಸುಮ್ಕೆ ಯಾಕೆ ಎಲ್ಡು ಕೆಲ್ಸ," ಎಂದೆ.

ಅವನು ನಗಲಿಲ್ಲ. ನನ್ನ ಮಾತಿಗೆ ಮಲ್ಲಪ್ಪ ನಗದೆ ಇದ್ದದ್ದು ಅದೇ ಮೊದಲು.

ಅದಾದ ಸ್ವಲ್ಪ ದಿನಕ್ಕೆ ಟೀ ಅಂಗಡಿಯಿಂದ ಇಬ್ಬರೂ ವಾಪಸು ಬರುತ್ತಿದ್ದೆವು. ಅವನ ಒಂದು ಚಪ್ಪಲಿ ದಾರಿಯಲ್ಲೇ ಕಳಚಿಕೊಂಡಿತು. ಅವನು ನಿಲ್ಲಲಿಲ್ಲ. ನಾನು ಅದನ್ನು ಎತ್ತಿ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ಯಾವಾಗ ಗೊತ್ತಾಗುತ್ತದೋ ನೋಡೋಣ ಎಂದು ಹಿಂಬಾಲಿಸಿದೆ. ಮನೆ ಬಾಗಿಲವರೆಗೂ ಅವನಿಗೆ ಗೊತ್ತಾಗಲೇ ಇಲ್ಲ. ಅವನ ಹೆಂಡತಿ ಗೌರಮ್ಮ ನೋಡಿ, "ಇನ್ನೊಂದ್ ಚಪ್ಲಿ ಎಲ್ಲಿ?" ಎಂದಾಗ ಬಗ್ಗಿ ನೋಡಿಕೊಂಡ. ಈ ಕಥೆಯನ್ನು ನಾನು ಊರೆಲ್ಲ ಹೇಳಿ ನಗಿಸಿದೆ. ಊರಿನ ಆರೋಗ್ಯ ಉಪಕೇಂದ್ರದಲ್ಲಿ ಹೇಳಿದಾಗ ಒಬ್ಬರು ಮಾತ್ರ ನಗಲಿಲ್ಲ. ಅಲ್ಲಿಗೆ ಹೊಸದಾಗಿ ಬಂದಿದ್ದ ನರ್ಸು ಶೈಲಜಾ ಮೇಡಮ್ಮು. ಅವರು ಆ ಸಂಜೆಯೇ ಮಲ್ಲಪ್ಪನ ಮನೆಗೆ ಹೋಗಿ, ಕಣ್ಣು ಮುಚ್ಚಿಸಿ, ಅಂಗಾಲಿಗೆ ನೈಲಾನಿನ ಸಣ್ಣ ಎಳೆಯೊಂದನ್ನು ಒತ್ತಿ ಕೇಳಿದರು.

"ಈಗ ಗೊತ್ತಾಗುತ್ತಾ?"

"ಇನ್ನೂ ನೀವು ಮುಟ್ಟೇ ಇಲ್ವಲ್ಲವ್ವ," ಎಂದ ಮಲ್ಲಪ್ಪ.

ಅವರು ಆಗಲೇ ಎರಡೂ ಕಾಲು ಮುಗಿಸಿದ್ದರು.

ಮುಂದಿನ ವಾರ ಮೇಡಮ್ಮು ಅರಳಿಕಟ್ಟೆಯ ಹತ್ತಿರ ಜನ ಸೇರಿಸಿದರು. ಅವರು ಕಾಯಿಲೆಯ ಮಾತು ಎತ್ತದೆ ನಮ್ಮ ಸಂಪಾದನೆಯ ಮಾತು ಎತ್ತಿದರು.

"ನೀವು ಬೆಳೆದ ಭತ್ತ ಲಾರೀಲಿ ಹೊರಗೆ ಹೋಗುತ್ತೆ, ದುಡ್ಡು ಊರೊಳಗೆ ಬರುತ್ತೆ. ಅದೇ ದುಡ್ಡು ಸೋಮವಾರ ಮೊದಲನೇ ಬಸ್ಸಿಗೆ ಟಿಕೆಟ್ ತಗೊಂಡು ಮೈಸೂರಿಗೆ ಹೋಗುತ್ತೆ. ಅದು ವಾಪಸ್ ಬರೋದನ್ನ ಯಾರಾದ್ರೂ ನೋಡಿದ್ದೀರಾ? ನಿಮ್ಮ ಗದ್ದೆ ಕೆಲಸಕ್ಕೆ ಬೇರೆ ಊರಿನವರು ಬರ್ತಾರೆ, ನೀವು ಬೇರೆ ಊರಿನ ಆಸ್ಪತ್ರೇಲಿ ಕೂತಿರ್ತೀರಿ. ಬೆಳಿಗ್ಗೆ ಎದ್ದು ಕಾಲುವೆ ಏರಿ ಮೇಲೆ ನಡೀರಿ. ಮಾತ್ರೆ ಬಿಡಬೇಡಿ, ಜೊತೆಗೆ ನಡೀರಿ. ಇದಕ್ಕಿಂತ ಅಗ್ಗದ್ದು ನನ್ನ ಹತ್ರ ಇಲ್ಲ."

ಎಲ್ಲರೂ ತಲೆಯಾಡಿಸಿದರು. ಮರುದಿನ ಯಾರೂ ಬರಲಿಲ್ಲ. ಸೋಮಾರಿತನ ಅಂತ ಮೇಡಮ್ಮು ಬೇಜಾರು ಮಾಡಿಕೊಂಡರು. ಅದು ಸೋಮಾರಿತನವಲ್ಲ, ನಾಚಿಕೆ. ನಮ್ಮ ಕಡೆ ಕೆಲಸವಿಲ್ಲದೆ ಯಾರೂ ನಡೆಯುವುದಿಲ್ಲ. ನಡೆಯುವವರ ಕೈಯಲ್ಲಿ ಏನಾದರೂ ಇರಬೇಕು. ನನ್ನ ಹೆಂಡತಿ ಚಿಕ್ಕತಾಯಮ್ಮ ಅವರಿಗೆ ಬಿಡಿಸಿ ಹೇಳಿದಳು: "ಬರಿಗೈಲಿ ಎಂಗವ್ವ ಓಗದು? ನೋಡ್ದೋರು ಕೇಳಕಿಲ್ವಾ, ಯಾರ್ ಸತ್ರು ಅಂತ."

ಆಗ ನನ್ನ ತಲೆ ಓಡಿತು. ಮರುದಿನ ಬೆಳಗಾಗುತ್ತಿದ್ದಂತೆ ಚಿಕ್ಕತಾಯಿಯ ಕಂಕುಳಿಗೆ ಒಂದು ಖಾಲಿ ಸ್ಟೀಲ್ ಬಿಂದಿಗೆ ಕೊಟ್ಟು ಕಾಲುವೆ ಕಡೆ ಕಳಿಸಿದೆ. ಯಾರಾದರೂ ಕೇಳಿದರೆ ನೀರಿಗೆ ಅನ್ನು ಎಂದೆ. ಮನೆ ಮುಂದೆ ನಲ್ಲಿ ಇದ್ದವಳು ಕಾಲುವೆಗೆ ಯಾಕೆ ಹೋಗುತ್ತಾಳೆಂದು ಕೇಳುವವರಿಗೂ ಬಿಂದಿಗೆ ಕಂಡಮೇಲೆ ಸಮಾಧಾನ. ನಾಲ್ಕು ದಿನದಲ್ಲಿ ಬೀದಿಯ ಹೆಂಗಸರೆಲ್ಲ ಖಾಲಿ ಬಿಂದಿಗೆ ಹಿಡಿದು ಹೊರಟರು. ಗಂಡಸರು ಕುಡುಗೋಲು, ಹಗ್ಗ ಹೆಗಲಿಗೆ ಹಾಕಿಕೊಂಡರು. ಹುಲ್ಲಿಗೆ ಹೊರಟವರ ಹಾಗೆ ಹೊರಟು, ಒಂದು ಕಡ್ಡಿ ಹುಲ್ಲೂ ತರದೆ ಬೆವೆತು ವಾಪಸು ಬರುತ್ತಿದ್ದರು. ಬಿಂದಿಗೆಗೆ ಬಳೆ ತಾಗಿ, ಬಿಂದಿಗೆಗೆ ಬಿಂದಿಗೆ ತಾಗಿ, ಬೆಳಗಿನ ಹೊತ್ತು ನಮ್ಮ ಬೀದಿಯಲ್ಲಿ ಒಂದು ಗಲಗಲ ಸದ್ದು. ಖಾಲಿ ಬಿಂದಿಗೆ ಎದುರು ಬಂದರೆ ಅಪಶಕುನ ಎಂದು ಒಬ್ಬ ಮುದುಕ ಗೊಣಗಿದ. "ಅದ್ಕೇ ಎದ್ರಿಗೆ ಬರಬ್ಯಾಡ ಮಾವ, ಹಿಂದ್ಗುಟ್ಲೆ ಬಾ," ಎಂದೆ. ಅವನೂ ಹಿಂದೆ ಬಂದ.

ಮಲ್ಲಪ್ಪ ಒಬ್ಬ ಬರಲಿಲ್ಲ. ಅವನಿಗೆ ಎಲೆಅಡಿಕೆ ಇಲ್ಲದಿದ್ದರೆ ಬೆಳಗಾಗುವುದಿಲ್ಲ. ಒಂದು ದಿನ ಅವನು ಏಳುವ ಮೊದಲೇ ಅವನ ಎಲೆಅಡಿಕೆ ಚೀಲವನ್ನು ಹೊಡೆದು, ಕಾಲುವೆಯ ತೂಬಿನ ಹತ್ತಿರ ಬೇವಿನ ಕೊಂಬೆಗೆ ನೇತುಹಾಕಿ ಬಂದೆ.

"ಲೇ ನಂಜ, ನನ್ ಚೀಲ ಎಲ್ಲಡಗ್ಸಿದ್ದೀಯ?"

"ತೂಬಿನತ್ರ ಮರ್ದಲ್ಲಿ ನೇತಾಡ್ತದೆ. ಕೋತಿ ಕಿತ್ಕಳದ್ರೊಳ್ಗೆ ಓಗಿ ತಕೋ."

"ಸ್ಕೂಟ್ರು ಸ್ಟಾರ್ಟ್ ಆಗ್ತಾ ಇಲ್ಲ ಕಣ್ಲಾ."

"ಅದ್ರ ಪ್ಲಗ್ಗೂ ಆ ಚೀಲ್ದೊಳ್ಗೇ ಅದೆ."

ನನ್ನ ತಾತ ಮುತ್ತಾತಂದಿರನ್ನೆಲ್ಲ ನೆನೆಸಿಕೊಂಡು ಬೈಯುತ್ತಾ ನಡೆದ. ಮರುದಿನವೂ ಚೀಲ ಹೋಯಿತು. ಅದರ ಮರುದಿನ ಚೀಲ ತೂಬಿನಿಂದ ಇನ್ನೂ ಮುಂದಿನ ಮರಕ್ಕೆ ಹೋಯಿತು. ಕೆಲವು ವಾರವಾದ ಮೇಲೆ ನಾನು ಚೀಲ ಕದಿಯುವುದನ್ನು ಬಿಟ್ಟೆ. ಆದರೂ ಅವನು ಬೆಳಿಗ್ಗೆ ನನ್ನ ಬಾಗಿಲಿಗೆ ಬಂದು ಬೈದು, ನಡೆಯಲು ಹೊರಡುತ್ತಿದ್ದ. ಬೈಗುಳ ಅವನಿಗೆ ಅಭ್ಯಾಸವಾಗಿತ್ತು, ನನಗೂ.

ಮಳೆ ಚೆನ್ನಾಗಿ ಆಯಿತು. ನಾಟಿ ಮುಗಿದು ಕಳೆ ಬಂತು. ಆಗ ಒಂದು ಸಂಗತಿ ನಡೆಯಿತು, ಯಾರೂ ತೀರ್ಮಾನ ಮಾಡಿದ್ದಲ್ಲ. ಬಿಂದಿಗೆ ಹಿಡಿದು ಹೋಗುತ್ತಿದ್ದ ಹೆಂಗಸರು ಒಂದು ಬೆಳಿಗ್ಗೆ ಕಾಲುವೆ ಏರಿಯಿಂದಲೇ ಚಿಕ್ಕತಾಯಿಯ ಗದ್ದೆಗೆ ಇಳಿದರು. ಮರುದಿನ ಇನ್ನೊಬ್ಬಳ ಗದ್ದೆಗೆ ಎಲ್ಲರೂ ಇಳಿದರು. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು ಎಂಬ ಮುಯ್ಯಾಳಿನ ಪದ್ಧತಿ ನಮ್ಮಲ್ಲಿ ಸತ್ತೇಹೋಗಿತ್ತು. ಮೈಯಲ್ಲಿ ಕಸುವಿದ್ದರೆ ತಾನೇ ಮುಯ್ಯಿ ತೀರಿಸುವುದು? ಆ ವರ್ಷ ಅದು ತಾನಾಗಿ ಎದ್ದು ಬಂತು. ಕೂಲಿಯವರ ಆಟೊ ಎಷ್ಟೋ ಬೆಳಿಗ್ಗೆ ನಮ್ಮ ಊರಿಗೆ ತಿರುಗದೆ ಮುಂದಿನ ಊರಿಗೆ ಹೋಯಿತು. ಸೋಮವಾರದ ಬಸ್ಸಿನಲ್ಲಿ ನಮ್ಮವರಿಗೆ ಕೂರಲು ಸೀಟು ಸಿಗತೊಡಗಿತು. ಮಾತ್ರೆ ಅಂಗಡಿಯವನು ನನ್ನನ್ನು ತಡೆದು, "ಏನ್ ನಂಜಪ್ಪೋರೇ, ನಿಮ್ಮೂರೋರು ನನ್ನ ಅಂಗಡಿ ಮರ್ತೇಬುಟ್ರಾ?" ಎಂದ. "ನೀನೂ ಒಂದ್ ಬಿಂದ್ಗೆ ತಕಂಡು ಬಾ, ನೆಪ್ಪಾಯ್ತದೆ," ಎಂದೆ. ಆ ಸಲ ಭತ್ತ ಮಾರಿದ ದುಡ್ಡಿನಲ್ಲಿ ನಮ್ಮ ಮನೆಯ ಸೂರಿಗೆ ಹೊಸ ಹೆಂಚು ಬಂತು. ಎಷ್ಟೋ ವರ್ಷದಿಂದ ಆ ಹೆಂಚಿನ ದುಡ್ಡು ನನ್ನ ಬಿಪಿಯ ಜೊತೆ ಮೈಸೂರಿಗೆ ಹೋಗುತ್ತಿತ್ತು.

ಮಲ್ಲಪ್ಪನ ಮುಖದ ಊತ ಇಳಿಯಿತು. ಮೇಡಮ್ಮು ರಕ್ತ ನೋಡಿ, ದೊಡ್ಡ ಡಾಕ್ಟರನ್ನು ಕೇಳಿ ಮಾತ್ರೆ ಕಡಿಮೆ ಮಾಡಿಸಿದರು. ಕೊಯ್ಲಾದ ಮೇಲೆ ಅವನು ಗದ್ದೆಯನ್ನು ವಾಪಸು ತೆಗೆದುಕೊಂಡ. ಒಂದು ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಗುದ್ದಲಿ ಹಿಡಿದು ನಡುವಿನ ಬದುವನ್ನು ಈ ತುದಿಯಿಂದ ಆ ತುದಿಗೆ ಕಡಿದು ಮುಗಿಸಿ, ಅದರ ಮೇಲೆಯೇ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ನೋಡ್ಲಾ," ಎಂದ.

ನೋಡಿದೆ. ಗೋಡೆಗೆ ಗಾರೆ ಮಾಡಿದ ಹಾಗಿತ್ತು. "ಡೊಂಕು ಅದೆ," ಎಂದೆ. ಡೊಂಕಿರಲಿಲ್ಲ.

ಆ ವಾರವೇ ಮೇಡಮ್ಮು ಅವನಿಗೆ ಮೆತ್ತನೆಯ ರಬ್ಬರ್ ಚಪ್ಪಲಿ ತರಿಸಿಕೊಟ್ಟರು. "ಶುಗರ್ ಇಳಿದಿದೆ, ಕಾಲಿನ ನರ ವಾಪಸ್ ಬಂದಿಲ್ಲ. ಮನೆಯೊಳಗೂ ಬರಿಗಾಲಲ್ಲಿ ನಡೀಬಾರದು. ದಿನಾ ಸಂಜೆ ಕನ್ನಡಿ ಇಟ್ಟು ಅಂಗಾಲು ನೋಡ್ಕೋಬೇಕು," ಎಂದು ಗೌರಮ್ಮನಿಗೂ ಹೇಳಿದರು. ಮಲ್ಲಪ್ಪ ಆ ಚಪ್ಪಲಿಯನ್ನು ಮೂಸಿ ನೋಡಿ, ದೇವರ ಗೂಡಿನ ಕೆಳಗೆ ಇಟ್ಟ.

ಅವನು ಯಾರಿಗೂ ಹೇಳದೆ ಒಂದು ಹರಕೆ ಹೊತ್ತಿದ್ದ. ಗದ್ದೆ ಮತ್ತೆ ಕೈಗೆ ಬಂದರೆ ಶಿವರಾತ್ರಿಗೆ ಅಪ್ಪನ ಹಾಗೆ ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ನಡೆದು ಬರುತ್ತೇನೆ ಎಂದು. ಮೇಡಮ್ಮು ಬೇಡ ಎಂದರು, ಕೈಮುಗಿದರು. ಚಪ್ಪಲಿ ಹಾಕಿಕೊಂಡು ಬೇಕಾದರೆ ಹೋಗಿ ಎಂದರು.

"ಚಪ್ಲಿ ಆಕಂಡು ಬೆಟ್ಟಕ್ಕೆ ಓದೋರುಂಟಾ ತಾಯಿ? ನಡ್ಯಕ್ಕೆ ಏಳ್ಕೊಟ್ಟೋರೇ ನೀವು. ಈಗ ನೀವೇ ಬ್ಯಾಡ ಅಂದ್ರೆ?"

ಹೊರಡುವ ದಿನ ನಾನೇ ಆ ಜೋಡಿಯನ್ನು ಗೂಡಿನ ಕೆಳಗಿನಿಂದ ಎತ್ತಿ ನನ್ನ ಚೀಲಕ್ಕೆ ಹಾಕಿಕೊಂಡೆ. ವಾರಗಟ್ಟಲೆ ಅವನನ್ನು ಎಲೆಅಡಿಕೆಯ ಆಸೆ ತೋರಿಸಿ ನಡೆಸಿದವನಿಗೆ ಚಪ್ಪಲಿ ಹಾಕಿಸುವುದು ಯಾವ ಮಹಾ ಕೆಲಸ ಎಂಬ ಧೈರ್ಯ.

ಕೊಳ್ಳೇಗಾಲ ದಾಟಿ ಹನೂರಿನವರೆಗೆ ಚೆನ್ನಾಗಿಯೇ ನಡೆದೆವು. ಅಲ್ಲಿಂದ ಮುಂದೆ ಬಿಸಿಲು ಏರಿತು. ಟಾರು ಕರಗಿ ನನ್ನ ಚಪ್ಪಲಿಗೆ ಅಂಟುತ್ತಿತ್ತು. ಹೌದು, ನಾನು ಚಪ್ಪಲಿ ಹಾಕಿದ್ದೆ, ನನಗೆ ಹರಕೆ ಇರಲಿಲ್ಲ. ಜೊತೆಗಿದ್ದ ಬರಿಗಾಲಿನವರೆಲ್ಲ ರಸ್ತೆ ಬಿಟ್ಟು ಪಕ್ಕದ ಮಣ್ಣಿಗೆ ಇಳಿದು ಕುಣಿಯುತ್ತ ನಡೆದರು. ಮಲ್ಲಪ್ಪ ಮಾತ್ರ ಟಾರಿನ ನಡುವೆ ಗಂಭೀರವಾಗಿ ನಡೆಯುತ್ತಿದ್ದ. ಜನ ಅವನ ಭಕ್ತಿ ನೋಡಿ ಕೈಮುಗಿದರು.

"ಲೇ ಮಲ್ಲ, ಮಾದಪ್ಪ ಉಲಿ ಮೇಲೆ ಕುಂತ್ಕಂಡು ಓದವ್ನು. ಅವ್ನ ಕಾಲೇ ನೆಲ ಮುಟ್ಟಿಲ್ಲ. ನಡುವೆ ನಿಂದೇನು? ಚಪ್ಲಿ ಆಕೋ."

"ಅವ್ನಿಗೆ ಉಲಿ ಅದೆ. ನಂಗೆ ಸಿಕ್ಕಿರದು ನೀನು. ಏರುದ್ರೆ ತಡ್ಕತ್ತೀಯ?"

"ಕಾಲು ಸುಡ್ತಾ ಇಲ್ವೇನ್ಲಾ?"

"ಇಲ್ಲ ಕಣ್ಲಾ," ಎಂದ, ಮುಖ ಅರಳಿಸಿ. "ದೇವ್ರು ತಂಪು ಮಾಡವ್ನೆ."

ಚೀಲ ಬಿಚ್ಚಿ ಚಪ್ಪಲಿ ತೋರಿಸಿದೆ. ರಬ್ಬರಿನ ವಾಸನೆ ಬಿಸಿಲಿಗೆ ಮೇಲೆದ್ದಿತು. ಪೂಜಾರಿಯೊಬ್ಬರು ಹಾಕಿಕೊಳ್ಳಬಹುದು ಎಂದರು ಅಂತ ಕಟ್ಟುಕಥೆ ಹೇಳಿದೆ. ಆಮೇಲೆ ಸಿಟ್ಟು ಮಾಡಿದೆ. ಆಮೇಲೆ ರಸ್ತೆ ಬದಿಯಲ್ಲಿ ಕುಳಿತು, ನೀನು ಹಾಕಿಕೊಳ್ಳದೆ ನಾನು ಏಳುವುದಿಲ್ಲ ಎಂದೆ. ಅವನು ನಗುತ್ತಾ ಮುಂದೆ ಹೋಗಿಬಿಟ್ಟ. ನಾನೇ ಎದ್ದು ಓಡಬೇಕಾಯಿತು.

ಅಜ್ಜೀಪುರದಲ್ಲಿ ನಡೆದು ಬಂದವರಿಗೆ ಮಜ್ಜಿಗೆ ಕೊಡಲು ಚಪ್ಪರ ಹಾಕಿದ್ದರು. ಕೆಳಗೆ ತೊಳೆದು ಬಿಟ್ಟ ಸಿಮೆಂಟಿನ ನೆಲ. ನಾವೆಲ್ಲ ಸಾಲಾಗಿ ಒಳಗೆ ಹೋಗಿ ಲೋಟ ಹಿಡಿದು ನಿಂತೆವು. ಬಡಿಸುತ್ತಿದ್ದ ಹೆಂಗಸು ಮಾರ್ಟಳ್ಳಿ ಕಡೆಯ ತಮಿಳಿನವಳು. ನೆಲ ನೋಡಿ, "ಐಯೋ, ರತ್ತಂ. ಯಾರ್ದು ಇದು ರಕ್ತ?" ಎಂದಳು. ಬಾಗಿಲಿನಿಂದ ಒಳಗಿನವರೆಗೆ ಒಂದೊಂದು ಹೆಜ್ಜೆಗೂ ಕೆಂಪು ಅಚ್ಚು ಬಿದ್ದಿತ್ತು. ಎಲ್ಲರೂ ಕಾಲೆತ್ತಿ ತಮ್ಮ ತಮ್ಮ ಅಂಗಾಲು ನೋಡಿಕೊಂಡರು. ಮಲ್ಲಪ್ಪ ಮಜ್ಜಿಗೆ ಕುಡಿಯುತ್ತಾ ಸುತ್ತ ನೋಡಿ, "ಯಾರ್ದೋ ಪಾಪ," ಎಂದ.

ಆ ಎರಡು ಮಾತು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಅವನನ್ನು ಕೂರಿಸಿ ಕಾಲೆತ್ತಿ ನೋಡಿದೆ. ಬಲಗಾಲಿನ ಚರ್ಮ ಸುಟ್ಟು ಬಿಟ್ಟುಕೊಂಡು, ನಡುವೆ ಒಂದು ಗಾಜಿನ ಚೂರು ಹೂತುಕೊಂಡಿತ್ತು. ಅದು ಹನೂರಿನದೋ ಕೊಳ್ಳೇಗಾಲದ್ದೋ ಯಾರಿಗೆ ಗೊತ್ತು. ಅಲ್ಲಿಂದ ಲಗೇಜ್ ಆಟೊದಲ್ಲಿ ಅವನನ್ನು ವಾಪಸು ಕರೆತಂದೆ. ದಾರಿಯುದ್ದಕ್ಕೂ ಬೆಟ್ಟದ ಕಡೆ ಮುಖ ಮಾಡಿ ಕುಳಿತಿದ್ದ.

ಮೊದಲು ಬೆರಳು ತೆಗೆದರು. ಆಮೇಲೆ ಮೈಸೂರಿನಲ್ಲಿ ಮಂಡಿಯ ಕೆಳಗೆ ಕಾಲನ್ನೇ ತೆಗೆದರು. ಟ್ರ್ಯಾಕ್ಟರ್ ಹೋಯಿತು, ಗದ್ದೆ ಮತ್ತೆ ಬೇರೆಯವರ ಕೈಗೆ ಹೋಯಿತು. ಒಂದು ವರ್ಷ ನಡೆದು ಉಳಿಸಿಕೊಂಡದ್ದೆಲ್ಲ ಅಂಗಾಲಿನ ಒಂದು ತೂತಿನಿಂದ ಸೋರಿಹೋಯಿತು. ಅವನ ಮನೆಯದು ಮಾತ್ರ ಹೋಗಿದ್ದರೆ ಅದು ಒಂದು ಮನೆಯ ದುಃಖ. ಊರಿನವರು ಬೇರೆ ಲೆಕ್ಕ ಹಾಕಿದರು.

"ನಡ್ದು ನಡ್ದೇ ಕಾಲು ಕಳ್ಕಂಡ," ಎಂದರು. "ಸುಮ್ಕೆ ಕುಂತಿದ್ರೆ ಇನ್ನೂ ಇರ್ತಿತ್ತು."

ಬಿಂದಿಗೆಗಳು ಒಂದೊಂದಾಗಿ ಒಳಗೆ ಸೇರಿದವು. ಮೇಡಮ್ಮು ಮನೆಮನೆಗೆ ಹೋಗಿ, ನಡೆದದ್ದರಿಂದ ಅಲ್ಲ, ಬರಿಗಾಲಿನಿಂದ ಎಂದು ಹೇಳಿ ಬಂದರು. ಜನ ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಕಾಫಿ ಕೊಟ್ಟು ಕಳಿಸಿದರು. ಸ್ವಲ್ಪ ದಿನಕ್ಕೆ ಅವರಿಗೂ ವರ್ಗವಾಯಿತು. ಕೂಲಿಯವರ ಆಟೊ ಮತ್ತೆ ಊರೊಳಗೆ ತಿರುಗಿತು. ಸೋಮವಾರದ ಬಸ್ಸಿನಲ್ಲಿ ಮತ್ತೆ ನಿಂತುಕೊಂಡು ಹೋಗುವಂತಾಯಿತು.

ಮಲ್ಲಪ್ಪ ಆಸ್ಪತ್ರೆಯಿಂದ ಬಂದಮೇಲೆ ಬೀದಿಗೆ ತಾಗಿದ ಕೋಣೆಯಲ್ಲಿ ಮಂಚ ಹಾಕಿಸಿಕೊಂಡ. ನಾನು ಹೋದ ಮೊದಲ ದಿನವೇ ಕೇಳಿದ.

"ಎಲ್ರೂ ನಡೀತಾ ಅವ್ರಾ?"

ಅವನ ಮುಖ ನೋಡಿ ಸುಳ್ಳು ಹೇಳಿಬಿಟ್ಟೆ. "ನಡೀದೆ ಏನು? ನೀನೊಬ್ಬ ಇಲ್ಲ, ದಾರಿ ಅಗಲ ಆಗದೆ," ಎಂದೆ.

"ನಿಲ್ಲುಸ್ಬ್ಯಾಡಿ ಕಣ್ಲಾ. ನನ್ ಕಾಲ್ದೆಸೆಯಿಂದ ಊರು ಕುಂತ್ಕಬುಟ್ರೆ ನಾನು ಸತ್ರೂ ನೆಮ್ದಿ ಇಲ್ಲ." ಮಂಚದ ಕೆಳಗಿನಿಂದ, ನಾನು ವಾಪಸು ತಂದುಕೊಟ್ಟಿದ್ದ ಆ ಚಪ್ಪಲಿ ಜೋಡಿಯನ್ನು ತೆಗೆಸಿ ನನ್ನ ಮುಂದೆ ಇಡಿಸಿದ. "ನೀನೇ ಆಕೋ. ಬಲಗಾಲಿಂದು ಸುಮ್ಕೆ ಯಾಕೆ ಇಲ್ಲಿ ಬಿದ್ದಿರ್ಬೇಕು," ಎಂದು ತಾನೇ ನಕ್ಕ.

ಮರುದಿನ ಬೆಳಿಗ್ಗೆ ಚಿಕ್ಕತಾಯಿಯ ಬಿಂದಿಗೆಗಳನ್ನು ಕೈಗೊಂದು ಹಿಡಿದು, ಅವನ ಚಪ್ಪಲಿ ಹಾಕಿಕೊಂಡು ಹೊರಟೆ. ಅವನ ಕಿಟಕಿಯ ಮುಂದೆ ಬಂದಾಗ ಎರಡನ್ನೂ ತಾಗಿಸಿ, ಕೈಗೆ ತೊಟ್ಟುಕೊಂಡಿದ್ದ ಚಿಕ್ಕತಾಯಿಯ ಹಳೇ ಬಳೆಗಳನ್ನು ಆಡಿಸಿ, ಹೆಜ್ಜೆ ಎಳೆದು, ಒಂದು ದಂಡೇ ಹೋದ ಹಾಗೆ ಸದ್ದು ಮಾಡಿದೆ. ಒಳಗಿನಿಂದ ಅವನು ಕೆಮ್ಮಿದ. ಕೇಳಿಸಿತು ಎನ್ನುವ ಕೆಮ್ಮು. ಕಾಲುವೆಗೆ ಹೋಗಿ ಬಂದು ಅವನ ಮಂಚದ ಹತ್ತಿರ ಕುಳಿತು, ಯಾರು ಯಾರ ಜೊತೆ ಜಗಳವಾಡಿದರು, ಯಾರ ಬಿಂದಿಗೆ ಕಾಲುವೆಗೆ ಬಿತ್ತು ಎಂದು ಇಲ್ಲದ್ದನ್ನೆಲ್ಲ ಹೇಳುತ್ತಿದ್ದೆ. ಅವನು ಕೇಳಿ ಕೇಳಿ ನಗುತ್ತಿದ್ದ. ಬೇಸಗೆ ಹೋಗಿ ಮಳೆ ಬಂತು. ಮಳೆಯಲ್ಲೂ ಕೊಡೆ ಕತ್ತಿಗೆ ಸಿಕ್ಕಿಸಿಕೊಂಡು ಹೋದೆ. ಇಷ್ಟು ದೊಡ್ಡ ತರಲೆಯನ್ನು ಇಷ್ಟು ದಿನ ನಾನು ಯಾವತ್ತೂ ನಡೆಸಿರಲಿಲ್ಲ. ಒಳಗೊಳಗೇ ಹೆಮ್ಮೆಯೂ ಇತ್ತು.

ನಾಟಿ ಮುಗಿಯುವ ಹೊತ್ತಿಗೆ ಮಲ್ಲಪ್ಪ ಹೋದ. ಮೂತ್ರಪಿಂಡ ನಿಂತಿತು ಎಂದರು.

ಕಾರ್ಯವೆಲ್ಲ ಕಳೆದ ಮೇಲೆ ಗೌರಮ್ಮ ಕಾಫಿ ತಂದುಕೊಟ್ಟು ಎದುರಿಗೆ ಕುಳಿತಳು.

"ಇನ್ಮೇಲೆ ಬಿಂದ್ಗೆ ಬಡೀಬ್ಯಾಡಿ ಅಣ್ಣ," ಎಂದಳು.

ನಾನು ಪೆಚ್ಚಾದೆ. "ನಿಂಗೆ ಗೊತ್ತಿತ್ತಾ?"

"ನಂಗೇನು, ಅವ್ರಿಗೇ ಗೊತ್ತಿತ್ತು. ಮೊದುಲ್ನೇ ದಿನ್ವೇ ಅಂದ್ರು, ಎಲ್ಡೇ ಬಿಂದ್ಗೆ ಕಣೇ, ಎಲ್ಡೂ ಒಬ್ನ ಕೈಲೇ ಅವೆ ಅಂತ. ನಾನು ಏಳ್ಬುಡ್ಲಾ ಅಂದೆ. ಬ್ಯಾಡ ಅಂದ್ರು."

"ಯಾಕೆ?"

"ಏಳುದ್ರೆ ಅವ್ನೊಬ್ನೂ ನಿಂತೋಯ್ತಾನೆ, ಅವ್ನ್ಗೂ ಬಿಪಿ ಅದೆ ಅಂದ್ರು. ಅದ್ಕೇ ದಿನಾ ಕೆಮ್ತಿದ್ರು."

ಜೀವಮಾನವೆಲ್ಲ ನನ್ನ ಕೈಗೆ ಸಿಕ್ಕಿ ಪೆಚ್ಚಾದವನು, ಕಾಲಿಲ್ಲದೆ ಮಂಚದ ಮೇಲೆ ಮಲಗಿಕೊಂಡು, ಒಂದು ಬೇಸಗೆ ಒಂದು ಮಳೆಗಾಲ ನನ್ನನ್ನು ನಡೆಸಿದ್ದ.

"ಹಳೇದು ಇಲ್ಲೇ ಬಿಡಿ ಯಜಮಾನ್ರೇ, ನಾನು ಎಸೀತೀನಿ," ಎಂದ ಹೋದ ವಾರ ಕೊಳ್ಳೇಗಾಲದ ಅಂಗಡಿಯವನು. ಬೇಡವೆಂದು ಮಲ್ಲಪ್ಪನ ಆ ಜೋಡಿಯನ್ನು ಕಾಗದದಲ್ಲಿ ಸುತ್ತಿಸಿಕೊಂಡು ಮನೆಗೆ ತಂದೆ. ಮರುದಿನ ಹೊಸ ಜೋಡಿ ಹಾಕಿ ಹೊರಟೆ. ಗೌರಮ್ಮ ಬೇಡವೆಂದ ಮೇಲೆ ಬಿಂದಿಗೆ ಬಡಿಯುವುದಿಲ್ಲ, ಆದರೆ ಕೈಯಲ್ಲಿ ಹಿಡಿದಿರುತ್ತೇನೆ. ಬರಿಗೈಯಲ್ಲಿ ಹೋದರೆ ಯಾರು ಸತ್ತರು ಎಂದು ಕೇಳುತ್ತಾರೆ. ಕಿಟಕಿಯ ಮುಂದೆ ಬಂದಾಗ ಕಾಲು ನಿಂತಿತು. ಸ್ವಲ್ಪ ಹೊತ್ತು ಕಾದೆ. ಆಮೇಲೆ ನಾನೇ ಒಂದು ಸಲ ಕೆಮ್ಮಿ, ಕಾಲುವೆ ಕಡೆ ನಡೆದೆ.